ಶಾಲೆ ನೋಡಿ ಊರು ಆರಿಸೋದು: ಅಮೆರಿಕಕ್ಕೆ ಬರುವ ಕನ್ನಡ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಎಲ್ಲಿ ಅಂತ ಗೊತ್ತಾದ ಕೂಡಲೇ ಮನೆ ಎಲ್ಲಿ ಮಾಡೋದು ಅನ್ನುವ ಪ್ರಶ್ನೆ ಏಳುತ್ತದೆ. ಮಕ್ಕಳಿದ್ದರೆ ಅದು ಶಾಲೆಯ ಪ್ರಶ್ನೆಯೂ ಹೌದು. ನಮ್ಮವರು ಜಾಸ್ತಿ ಬಂದು ಸೇರುವ ಮೂರು ಕಡೆಗಳ ಉದಾಹರಣೆ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳು), ಟೆಕ್ಸಸ್‌ನಲ್ಲಿ ಡಲ್ಲಾಸ್‌ನ ಉತ್ತರಕ್ಕಿರುವ ಊರುಗಳು, ಮತ್ತು ನ್ಯೂಜೆರ್ಸಿ. ಬೇರೆ ರಾಜ್ಯಕ್ಕೆ ಹೋಗುವವರಿಗೂ ಪದ್ಧತಿ ಬಹುಪಾಲು ಇದೇ.

ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ ತಾನೆ? ಅಲ್ಲಿಗೆ ಹಾಕಿದರೆ ಪರವಾಗಿಲ್ವಾ?

ಧಾರಾಳವಾಗಿ ಹಾಕಿ. "ಇಷ್ಟು ದುಡಿದು ಮಗೂನ ಸರ್ಕಾರಿ ಸ್ಕೂಲಿಗೆ ಹಾಕ್ತೀರಾ?" ಅಂತ ಊರಿನಿಂದ ಅಜ್ಜಿ ಫೋನ್ ಮಾಡಿ ಕೇಳಬಹುದು. ಬೆಂಗಳೂರಿನಲ್ಲಿ ಸಿಬಿಎಸ್‌ಇ, ಐಸಿಎಸ್‌ಇ, ಡೊನೇಷನ್ ಅಂತ ಅಲೆದವರಿಗೆ ಹಾಗನ್ನಿಸುವುದು ಸಹಜ. ಇಲ್ಲಿ ಡಾಕ್ಟರ್, ಇಂಜಿನಿಯರ್, ಅಂಗಡಿಯವರು ಅನ್ನದೆ ಬಹುಪಾಲು ಎಲ್ಲರ ಮಕ್ಕಳೂ ಓದುವುದು ಪಬ್ಲಿಕ್ ಸ್ಕೂಲಿನಲ್ಲೇ. ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗೆ ಫೀಸ್ ಇಲ್ಲ, ಇಂಟರ್‌ವ್ಯೂ ಇಲ್ಲ. ನೀವು ವಾಸ ಮಾಡುವ ಕಡೆಯ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ; ನಮ್ಮ ಜಿಲ್ಲೆಯಲ್ಲ) ನಿಮ್ಮ ಮಗುವನ್ನು ಸೇರಿಸಿಕೊಳ್ಳಲೇಬೇಕು. ದಾಖಲೆಯಿಲ್ಲದೆ ಬಂದವರ ಮಕ್ಕಳನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ ಅಂತ 1982ರಲ್ಲೇ ಪ್ಲೈಲರ್ ವರ್ಸಸ್ ಡೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ ಬಂದ ಮಕ್ಕಳ ವಿಷಯದಲ್ಲಿ ಯೋಚನೆಯೇ ಬೇಡ.

ಫೀಸ್ ಇಲ್ಲ ಅಂದ ಮಾತ್ರಕ್ಕೆ ಪುಕ್ಕಟೆ ಅಂತಲ್ಲ. ದುಡ್ಡು ಮನೆ ಬಾಡಿಗೆಯಲ್ಲೋ ಸಾಲದ ಕಂತಿನಲ್ಲೋ ಹೋಗುತ್ತದೆ.

ಒಳ್ಳೆ ಊರಲ್ಲಿ ಮನೆ ಮಾಡಿದರೆ ಒಳ್ಳೆ ಶಾಲೆ ಸಿಕ್ಕ ಹಾಗೆ, ಅಲ್ವಾ?

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಊರಿನ ಗಡಿ ಬೇರೆ, ಸ್ಕೂಲ್ ಡಿಸ್ಟ್ರಿಕ್ಟಿನ ಗಡಿ ಬೇರೆ, ಅಂಚೆ ವಿಳಾಸದಲ್ಲಿ ಬರುವ ಹೆಸರು ಇನ್ನೂ ಬೇರೆ. ಮೂರೂ ಒಂದೇ ಆಗಿರಬೇಕು ಅಂತೇನಿಲ್ಲ.

ಬೇ ಏರಿಯಾದಲ್ಲಿ ಫ್ರಿಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಅಂತ ಇದೆ, ಬರೀ ಹೈಸ್ಕೂಲುಗಳದ್ದು (ಇಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ). ಮೋಂಟಾ ವಿಸ್ಟಾ, ಲಿನ್‌ಬ್ರೂಕ್, ಕೂಪರ್ಟಿನೋ, ಹೋಮ್‌ಸ್ಟೆಡ್, ಫ್ರಿಮಾಂಟ್ ಅಂತ ಐದು ಮುಖ್ಯ ಹೈಸ್ಕೂಲುಗಳು ಅದರ ಕೆಳಗಿವೆ. ಒಂದೂ ಫ್ರಿಮಾಂಟ್ ಊರಲ್ಲಿ ಇಲ್ಲ! ಫ್ರಿಮಾಂಟ್ ಹೈಸ್ಕೂಲ್ ಇರುವುದು ಸನಿವೇಲ್‌ನಲ್ಲಿ, ಲಿನ್‌ಬ್ರೂಕ್ ಸ್ಯಾನ್ ಹೋಸೆಯಲ್ಲಿ. ಕೊಲ್ಲಿಯ ಆಚೆ ದಡದ ಫ್ರಿಮಾಂಟ್ ಊರಿಗೆ ಫ್ರಿಮಾಂಟ್ ಯೂನಿಫೈಡ್ ಅನ್ನುವ ಬೇರೆಯೇ ಡಿಸ್ಟ್ರಿಕ್ಟ್ ಇದೆ. ಕೂಪರ್ಟಿನೋದಲ್ಲಿ ಮನೆ ಸಿಗಲಿಲ್ಲ ಅಂತ ಕೈಚೆಲ್ಲಬೇಕಿಲ್ಲ. ಸ್ಯಾನ್ ಹೋಸೆಯ ಪಶ್ಚಿಮ ಭಾಗದ ಕೆಲವು ಬೀದಿಗಳ ಮಕ್ಕಳು 8ನೇ ತರಗತಿವರೆಗೆ ಹೋಗುವುದೂ ಕೂಪರ್ಟಿನೋ ಯೂನಿಯನ್ ಅನ್ನುವ ಡಿಸ್ಟ್ರಿಕ್ಟಿನ ಶಾಲೆಗೇ.

ಟೆಕ್ಸಸ್‌ನಲ್ಲಿ ಇದರ ತಿರುಗುಮುರುಗು. "ಫ್ರಿಸ್ಕೋದಲ್ಲಿ ಮನೆ" ಅಂತ ತಗೊಂಡರೆ ಅದು ಫ್ರಿಸ್ಕೋ ಐಎಸ್‌ಡಿಯಲ್ಲೇ (ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿಗೆ ಐಎಸ್‌ಡಿ ಅಂತಾರೆ) ಇರಬೇಕಿಲ್ಲ. ಫ್ರಿಸ್ಕೋ ಊರಿನ ಕೆಲವು ಭಾಗ ಲೂಯಿಸ್‌ವಿಲ್, ಲಿಟಲ್ ಎಲ್ಮ್, ಪ್ರಾಸ್ಪರ್ ಡಿಸ್ಟ್ರಿಕ್ಟುಗಳಿಗೆ ಸೇರಿದೆ. ಪ್ಲೇನೋ, ಮೆಕಿನಿ ಊರುಗಳ ಒಂದಿಷ್ಟು ಭಾಗಕ್ಕೆ ಫ್ರಿಸ್ಕೋ ಐಎಸ್‌ಡಿ ಬರುತ್ತದೆ. ನ್ಯೂಜೆರ್ಸಿಯಲ್ಲಿ ವಿಳಾಸದಲ್ಲಿ "ಪ್ರಿನ್ಸ್‌ಟನ್" ಅಂತಿರುವ ಎಷ್ಟೋ ಮನೆಗಳು ನಿಜವಾಗಿ ಇರುವುದು ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೋ ಅಥವಾ ಸೌತ್ ಬ್ರನ್ಸ್‌ವಿಕ್‌ನಲ್ಲಿ. ಎಡಿಸನ್‌ನ ನಟ್ಟ ನಡುವೆ ಇರುವ ಪುಟ್ಟ ಮೆಟಚೆನ್‌ಗೆ ತನ್ನದೇ ಡಿಸ್ಟ್ರಿಕ್ಟ್ ಇದೆ. ಇನ್ನು ಎಡಿಸನ್ ಒಳಗೇ ಎರಡು ಹೈಸ್ಕೂಲ್: ಜೆ.ಪಿ. ಸ್ಟೀವನ್ಸ್ ಮತ್ತು ಎಡಿಸನ್ ಹೈ. "ಯಾವ ಕಡೆ?" ಅನ್ನುವ ಪ್ರಶ್ನೆ ಮನೆ ಮಾರುವವರ ಬಾಯಲ್ಲಿ ಮೊದಲು ಬರುತ್ತದೆ.

ಹಾಗಾದರೆ ಒಂದು ಮನೆಗೆ ಯಾವ ಶಾಲೆ ಅಂತ ಪಕ್ಕಾ ಮಾಡಿಕೊಳ್ಳೋದು ಹೇಗೆ?

ಡಿಸ್ಟ್ರಿಕ್ಟಿನ ಸ್ವಂತ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಸೌಲಭ್ಯ ಇರುತ್ತದೆ. ಮನೆ ನಂಬರ್ ಸಮೇತ ಹಾಕಿ. ಬೀದಿಯ ಹೆಸರಷ್ಟೇ ಸಾಲದು, ಯಾಕೆಂದರೆ ಗಡಿ ಎಷ್ಟೋ ಸಲ ರಸ್ತೆಯ ಮಧ್ಯದಲ್ಲೇ ಹಾದುಹೋಗುತ್ತದೆ. ಝಿಲೋ, ರೆಡ್‌ಫಿನ್ ಥರದ ಮನೆ ಹುಡುಕುವ ವೆಬ್‌ಸೈಟುಗಳು ತೋರಿಸುವ ಶಾಲೆಯನ್ನು ನಂಬಿ ಸಹಿ ಹಾಕಬೇಡಿ. ಆ ಪುಟಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅವರೇ ಡಿಸ್ಟ್ರಿಕ್ಟನ್ನು ಕೇಳಿ ಅಂತ ಬರೆದಿರುತ್ತಾರೆ.

ಆಮೇಲೆ ಡಿಸ್ಟ್ರಿಕ್ಟ್ ಆಫೀಸಿಗೆ ಒಂದು ಫೋನ್ ಮಾಡಿ. "ಈ ವಿಳಾಸಕ್ಕೆ ಈ ಶಾಲೆಯಾ? ನಮ್ಮ ಮಗುವಿನ ತರಗತಿಯಲ್ಲಿ ಈಗ ಜಾಗ ಇದೆಯಾ?" ಎರಡನ್ನೂ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಹತ್ತಿರದ ಶಾಲೆ ತುಂಬಿದ್ದರೆ ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಗೆ ಕಳಿಸುವುದುಂಟು. ಮನೆ ಮುಂದೆಯೇ ಶಾಲೆ ಇದ್ದು, ಮಗು ಮೂರು ಮೈಲಿ ದೂರದ ಶಾಲೆಗೆ ಹೋಗುವ ಸ್ಥಿತಿ ಬಂದರೆ ಬೆಳಗ್ಗೆ ಯಾರು ಬಿಡೋದು ಅಂತ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ.

ರೇಟಿಂಗ್ 10 ಇರುವ ಶಾಲೆಯೇ ಬೇಕಾ?

ಬೇಡ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮನೆ ಹುಡುಕುವಾಗ ಪಕ್ಕದಲ್ಲೇ ಕಾಣುವ 1ರಿಂದ 10ರವರೆಗಿನ ಅಂಕಿ ಸಾಮಾನ್ಯವಾಗಿ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯದು. ಅದರಲ್ಲಿ ರಾಜ್ಯ ಪರೀಕ್ಷೆಯ ಅಂಕಗಳಿಗೆ ದೊಡ್ಡ ಪಾಲು. ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋದರು, ಹೈಸ್ಕೂಲಾದರೆ ಕಾಲೇಜಿಗೆ ಎಷ್ಟು ತಯಾರಾಗಿದ್ದಾರೆ ಅನ್ನುವುದೂ ಸೇರುತ್ತದೆ. ಪರೀಕ್ಷೆಯ ಸರಾಸರಿ ಅಂಕ ಮುಖ್ಯವಾಗಿ ಹೇಳುವುದು ಆ ಬಡಾವಣೆಯ ಅಪ್ಪ ಅಮ್ಮಂದಿರ ಸಂಬಳ ಮತ್ತು ಓದಿನ ಬಗ್ಗೆ. ಇಬ್ಬರೂ ಇಂಜಿನಿಯರ್, ಸಂಜೆ ಮನೆಪಾಠ, ಶನಿವಾರ ಗಣಿತದ ಕ್ಲಾಸು ಅಂತಿರುವ ಕಡೆ ಮೇಷ್ಟ್ರು ಸುಮಾರಾಗಿದ್ದರೂ ಅಂಕ ಬರುತ್ತದೆ.

ಸ್ಟಾನ್‌ಫರ್ಡ್‌ನ ಶಾನ್ ರಿಯರ್ಡನ್ ಅನ್ನುವ ಪ್ರೊಫೆಸರ್ ದೇಶದ ಹೆಚ್ಚುಕಡಿಮೆ ಎಲ್ಲ ಡಿಸ್ಟ್ರಿಕ್ಟುಗಳ ಪರೀಕ್ಷಾ ಅಂಕಗಳನ್ನು ಒಟ್ಟುಗೂಡಿಸಿ ನೋಡಿದರು. ಅಂಕ ಎಷ್ಟಿದೆ ಅನ್ನುವುದಕ್ಕೂ, ಮಕ್ಕಳು ಶಾಲೆಗೆ ಬಂದ ಮೇಲೆ ಎಷ್ಟು ಕಲಿತರು ಅನ್ನುವುದಕ್ಕೂ ನಂಟು ಬಹಳ ಕಡಿಮೆ ಅಂತ ಕಂಡಿತು. 2017ರಲ್ಲಿ ಹೊರಬಂದ ಅವರ ಲೆಕ್ಕದ ಪ್ರಕಾರ ಶಿಕಾಗೋ ನಗರದ ಶಾಲೆಗಳಲ್ಲಿ ಮಕ್ಕಳು 3ನೇ ತರಗತಿಯಿಂದ 8ನೇ ತರಗತಿಗೆ ಹೋಗುವ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ದರು. ಮನೆ ಹುಡುಕುವ ನಮ್ಮವರು ಶಿಕಾಗೋ ನಗರದ ಹೆಸರು ಕೇಳಿದರೆ ಸಾಕು, ಹೊರವಲಯದ ನೇಪರ್‌ವಿಲ್ ಊರಿನ ಕಡೆ ಕಾರು ತಿರುಗಿಸುತ್ತಾರೆ!

ಹಾಗಂತ 3 ರೇಟಿಂಗ್ ಇರುವ ಕಡೆ ಕಣ್ಣುಮುಚ್ಚಿ ಹೋಗಿ ಅಂತಲ್ಲ. ನನ್ನ ಅಭಿಪ್ರಾಯ ಇಷ್ಟೇ: 7 ಮತ್ತು 10ರ ನಡುವಿನ ವ್ಯತ್ಯಾಸಕ್ಕೆ ಮನೆ ಬೆಲೆಯಲ್ಲಿ ಲಕ್ಷಗಟ್ಟಲೆ ಡಾಲರ್ ಸುರಿಯುವುದು ದಂಡ. ಉಳಿದ ದುಡ್ಡಿನಲ್ಲಿ ಅಪ್ಪನೋ ಅಮ್ಮನೋ ಸಂಜೆ ಐದಕ್ಕೆ ಮನೆ ಸೇರುವಂತಾದರೆ ಮಗುವಿಗೆ ಅದರಿಂದಲೇ ಜಾಸ್ತಿ ಲಾಭ.

ರೇಟಿಂಗ್ ಬಿಟ್ಟು ಇನ್ನೇನು ನೋಡಬೇಕು?

ಮೊದಲು ಒಟ್ಟು ಅಂಕಿಯ ಕೆಳಗಿರುವ ಪ್ರಗತಿಯ ಅಂಕಿ ನೋಡಿ. ರಾಜ್ಯ ಸರ್ಕಾರದ ವರದಿಗಳೂ ಸಿಗುತ್ತವೆ: ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಡ್ಯಾಶ್‌ಬೋರ್ಡ್, ನ್ಯೂಜೆರ್ಸಿಯಲ್ಲಿ ಪ್ರತಿ ಶಾಲೆಯ ಪರ್ಫಾರ್ಮೆನ್ಸ್ ರಿಪೋರ್ಟ್. ಗೈರುಹಾಜರಿಯ ಲೆಕ್ಕವನ್ನು ತಪ್ಪದೆ ನೋಡಿ. ಮಕ್ಕಳು ಶಾಲೆಗೆ ಬರುತ್ತಿಲ್ಲ ಅಂದರೆ ಏನೋ ಸರಿಯಿಲ್ಲ.

ಪ್ರೈಮರಿ ಶಾಲೆ ಒಂದನ್ನೇ ನೋಡಿ ಮನೆ ಕೊಳ್ಳಬೇಡಿ. ಆ ವಿಳಾಸಕ್ಕೆ ಮುಂದೆ ಯಾವ ಮಿಡಲ್ ಸ್ಕೂಲ್, ಯಾವ ಹೈಸ್ಕೂಲ್ ಅಂತಲೂ ಕೇಳಿ. ಪ್ಲೇನೋ ಐಎಸ್‌ಡಿಯಲ್ಲಿ 9, 10ನೇ ತರಗತಿ ಒಂದು ಶಾಲೆ, 11, 12 ಸೀನಿಯರ್ ಹೈ ಅನ್ನುವ ಇನ್ನೊಂದು ದೊಡ್ಡ ಶಾಲೆ. ಪಕ್ಕದ ಫ್ರಿಸ್ಕೋದಲ್ಲಿ ನಾಲ್ಕೂ ವರ್ಷ ಒಂದೇ ಕಡೆ. ಶಾಲೆ ಚಿಕ್ಕದಾಗಿರಲಿ ಅಂತ ಹೈಸ್ಕೂಲುಗಳನ್ನೇ 12 ಮಾಡಿಕೊಂಡಿದ್ದಾರೆ. ನಾಚಿಕೆ ಸ್ವಭಾವದ ಮಗುವಿಗೂ ಫುಟ್‌ಬಾಲ್ ಹುಚ್ಚಿನ ಮಗುವಿಗೂ ಒಂದೇ ಶಾಲೆ ಹಿಡಿಸಬೇಕಿಲ್ಲ.

ಇನ್ನೊಂದು: ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಹೋಗಿ ರಸ್ತೆಯ ಆಚೆ ನಿಂತು ನೋಡಿ. ಮಕ್ಕಳು ಹೇಗೆ ಹೊರಗೆ ಬರುತ್ತಾರೆ, ಟೀಚರ್ ಹೆಸರು ಹಿಡಿದು ಮಾತಾಡಿಸುತ್ತಾರಾ, ಕಾರಿನ ಸಾಲು ಎಷ್ಟು ದೂರ ಬೆಳೆದಿದೆ. ಹದಿನೈದು ನಿಮಿಷ ಸಾಕು.

ಒಳ್ಳೆ ಶಾಲೆಯ ಗಡಿಯೊಳಗೆ ಮನೆಗೆ ಎಷ್ಟು ಜಾಸ್ತಿ?

ಸ್ಯಾಂಡ್ರಾ ಬ್ಲ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞೆ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲಾ ಗಡಿಯ ಈಚೆ ಆಚೆ ಇರುವ, ಒಂದೇ ಥರದ ಮನೆಗಳನ್ನು ಹೋಲಿಸಿ 1999ರಲ್ಲಿ ಬರೆದರು. ಪರೀಕ್ಷೆಯ ಅಂಕ ಶೇ. 5ರಷ್ಟು ಜಾಸ್ತಿ ಇರುವ ಕಡೆ ಜನ ಮನೆಗೆ ಸುಮಾರು ಶೇ. 2.5ರಷ್ಟು ಜಾಸ್ತಿ ಕೊಡಲು ತಯಾರಿದ್ದರು. ನೀವು ಹೋಗುವ ಊರಿನ ಲೆಕ್ಕ ಬೇಕಾದರೆ ನೀವೇ ಹೀಗೆ ಮಾಡಿ: ಗಡಿಯ ಎರಡೂ ಬದಿ ಇತ್ತೀಚೆಗೆ ಮಾರಾಟವಾದ, ಅಷ್ಟೇ ಚದರಡಿಯ ಮನೆಗಳ ಬೆಲೆ ಬರೆದಿಟ್ಟುಕೊಂಡು ನೋಡಿ.

ತೆರಿಗೆ ಮರೆಯಬೇಡಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟು ಬಂದವರಿಗೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬಂದಾಗ ಬಿಸಿ ತಟ್ಟುತ್ತದೆ. ಅದರಲ್ಲಿ ದೊಡ್ಡ ಭಾಗ ಶಾಲೆಯದ್ದೇ. ನ್ಯೂಜೆರ್ಸಿಯ ಪ್ರಾಪರ್ಟಿ ಟ್ಯಾಕ್ಸ್ ಇಡೀ ದೇಶದಲ್ಲೇ ಮೇಲಿನ ಸಾಲಿನದು, ಅಲ್ಲಿ ಆದಾಯ ತೆರಿಗೆಯೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದಾಗಿ ಮೂಲ ತೆರಿಗೆ ಶೇ. 1ಕ್ಕೆ ನಿಂತಿದೆ, ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಆದರೆ ಆ ಮೌಲ್ಯ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದ. ನಲವತ್ತು ವರ್ಷದಿಂದ ಇರುವ ಪಕ್ಕದ ಮನೆಯವರು ಕಟ್ಟುವ ತೆರಿಗೆ ಕೇಳಿದರೆ ಹೊಟ್ಟೆ ಉರಿಯುತ್ತದೆ, ಕೇಳಬೇಡಿ.

ಬಾಡಿಗೆಗೆ ಇದ್ದರೂ ಅದೇ ಶಾಲೆ ಸಿಗುತ್ತಾ?

ಸಿಗುತ್ತದೆ. ಕೋಟಿ ಬೆಲೆಯ ಮನೆಯ ಮಗುವಿಗೂ ಎದುರಿನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನ ಮಗುವಿಗೂ ಒಂದೇ ಶಾಲೆ. ಹಾಗಾಗಿ ಮೊದಲ ವರ್ಷ ಬಾಡಿಗೆಗೆ ಇರಿ ಅನ್ನುವುದು ನನ್ನ ಗಟ್ಟಿ ಸಲಹೆ. ಶಾಲೆ ಹಿಡಿಸದಿದ್ದರೆ ಲೀಸ್ (ಬಾಡಿಗೆ ಕರಾರು) ಮುಗಿದ ಮೇಲೆ ಎದ್ದು ಬರಬಹುದು. ವೀಸಾ, ಕೆಲಸ ಎರಡೂ ಅಲ್ಲಾಡುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಆ ಗಡಿಯಲ್ಲಿರುವ ಸ್ನೇಹಿತರ ವಿಳಾಸ ಕೊಟ್ಟರೆ?

ಬೇಡ. ಬೇಡಿಕೆ ಇರುವ ಡಿಸ್ಟ್ರಿಕ್ಟುಗಳು ಮನೆಗೇ ಬಂದು ವಿಚಾರಿಸುತ್ತವೆ. ಸಿಕ್ಕಿಬಿದ್ದರೆ ವರ್ಷದ ಮಧ್ಯೆ ಮಗುವನ್ನು ಹೊರಗೆ ಹಾಕುತ್ತಾರೆ, ಸ್ನೇಹಿತರಿಗೂ ತೊಂದರೆ.

ಮನೆ ಕೊಂಡ ಮೇಲೆ ಗಡಿ ಬದಲಾದರೆ?

ಬದಲಾಗುತ್ತದೆ, ಯಾರೂ ಗ್ಯಾರಂಟಿ ಕೊಡುವುದಿಲ್ಲ. ಫ್ರಿಸ್ಕೋದಂಥ ಬೆಳೆಯುವ ಊರಿನಲ್ಲಿ ಹೊಸ ಶಾಲೆ ತೆರೆದಾಗಲೆಲ್ಲ ಗಡಿಯನ್ನು ಮತ್ತೆ ಎಳೆದಿದ್ದಾರೆ. ಹೊಸ ಲೇಔಟಿನ ಬಿಲ್ಡರ್ ಜಾಹೀರಾತಿನಲ್ಲಿರುವ ಶಾಲೆಯ ಹೆಸರು ನೀವು ಗೃಹಪ್ರವೇಶ ಮಾಡುವ ಹೊತ್ತಿಗೆ ಬೇರೆಯಾಗಿರಬಹುದು.

ಹಳೆಯ ಊರುಗಳ ಕಥೆ ಇನ್ನೊಂದು ಥರ. ಮನೆ ಬೆಲೆ ಏರಿ ಏರಿ ಎಳೆ ಮಕ್ಕಳಿರುವ ಕುಟುಂಬಗಳಿಗೆ ಕೈಗೆ ಎಟುಕದಂತಾಗಿದೆ, ಮಕ್ಕಳ ಸಂಖ್ಯೆ ಇಳಿದಿದೆ. ಕೂಪರ್ಟಿನೋ ಯೂನಿಯನ್ 2022ರಲ್ಲಿ ರೆಗ್ನಾರ್ಟ್, ಮೇಯರ್‌ಹೋಲ್ಜ್ ಅನ್ನುವ ಪ್ರೈಮರಿ ಶಾಲೆಗಳನ್ನು ಮುಚ್ಚಿತು. ಪ್ಲೇನೋ ಐಎಸ್‌ಡಿ ನಾಲ್ಕು ಶಾಲೆ ಮುಚ್ಚಲು 2024ರಲ್ಲಿ ತೀರ್ಮಾನ ಮಾಡಿತು. ದುಬಾರಿ ಊರಲ್ಲೇ ಶಾಲೆ ಮುಚ್ಚುತ್ತದೆ ಅಂದರೆ ಮೊದಲು ನಂಬಿಕೆ ಬರುವುದಿಲ್ಲ. ಡಿಸ್ಟ್ರಿಕ್ಟಿನ ಬೋರ್ಡ್ ಮೀಟಿಂಗಿನ ನಡಾವಳಿ ಆನ್‌ಲೈನ್ ಸಿಗುತ್ತದೆ. ಕೊಳ್ಳುವ ಮುಂಚೆ ಕಳೆದ ವರ್ಷದ್ದನ್ನು ಒಮ್ಮೆ ತಿರುವಿ ಹಾಕಿ.

ನಮ್ಮ ರಿಯಲ್ಟರ್ (ಮನೆ ಕೊಡಿಸುವ ಏಜೆಂಟ್) "ಇಂಡಿಯನ್ಸ್ ಎಲ್ಲಿ ಜಾಸ್ತಿ?" ಅಂದರೆ ಉತ್ತರವೇ ಕೊಡಲ್ಲ. ಯಾಕೆ?

ಕೊಡುವ ಹಾಗಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಜನಾಂಗ, ಧರ್ಮ, ಮೂಲ ದೇಶ ನೋಡಿ ಗಿರಾಕಿಯನ್ನು ಒಂದು ಬಡಾವಣೆ ಕಡೆ ತಳ್ಳುವುದು ತಪ್ಪು. ಶಾಲೆ ಒಳ್ಳೆಯದಾ ಅಂತ ಕೇಳಿದರೂ ಹಲವರು ವೆಬ್‌ಸೈಟ್ ತೋರಿಸಿ ಸುಮ್ಮನಾಗುತ್ತಾರೆ. ಅಲ್ಲಿನ ಕನ್ನಡ ಕೂಟದವರನ್ನು ಕೇಳಿ, ಬೀದಿ ಬೀದಿಯ ಸುದ್ದಿ ಹೇಳುತ್ತಾರೆ.

ನಮ್ಮವರೇ ತುಂಬಿರುವ ಶಾಲೆಗೆ ಹಾಕಬೇಕಾ, ಬೇಡವಾ?

ಮನೆಮನೆಯಲ್ಲಿ ಜಗಳ ಆಗುವ ಪ್ರಶ್ನೆ ಇದು. ಅನುಕೂಲ ಇದೆ: ಮಗುವಿನ ಹೆಸರನ್ನು ಟೀಚರ್ ಸರಿಯಾಗಿ ಕರೆಯುತ್ತಾರೆ, ಊಟದ ಡಬ್ಬಿ ನೋಡಿ ಯಾರೂ ಮೂಗು ಮುರಿಯುವುದಿಲ್ಲ. ಗಣಿತ, ರೋಬಾಟಿಕ್ಸ್ ಕ್ಲಬ್ಬುಗಳು ಜೋರಾಗಿರುತ್ತವೆ.

ಆದರೆ ಪೈಪೋಟಿಯೂ ಹಾಗೇ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋದಲ್ಲಿ 2015ರಲ್ಲಿ ಮಕ್ಕಳ ಮೇಲಿನ ಒತ್ತಡ ಕಂಡು ಡಿಸ್ಟ್ರಿಕ್ಟ್ ಮುಖ್ಯಸ್ಥರು ಹೈಸ್ಕೂಲಿನ ಮಧ್ಯವಾರ್ಷಿಕ, ವಾರ್ಷಿಕ ಪರೀಕ್ಷೆ ತೆಗೆದರು, ಕೆಲವು ರಾತ್ರಿ ಹೋಮ್‌ವರ್ಕೇ ಇಲ್ಲ ಅಂದರು. ಊರು ಎರಡು ಪಾಲಾಯಿತು. ಮಟ್ಟ ಇಳಿಸುತ್ತಿದ್ದಾರೆ ಅಂತ ದನಿ ಎತ್ತಿದವರಲ್ಲಿ ಏಷ್ಯಾ ಮೂಲದ ತಂದೆ ತಾಯಿಯರು ಬಹಳ ಇದ್ದರು. ಪಾಲೊ ಆಲ್ಟೊದಲ್ಲಿ 2009ರಲ್ಲೂ 2014-15ರಲ್ಲೂ ವಿದ್ಯಾರ್ಥಿಗಳ ಆತ್ಮಹತ್ಯೆಗಳು ಸಾಲಾಗಿ ಆದವು. ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಂದು ಅಧ್ಯಯನ ಮಾಡಿತು. ಅಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ. ಆದರೂ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ಕೌನ್ಸೆಲರ್ ಅಂತ ಕೇಳುವುದನ್ನು ಮಾತ್ರ ಬಿಡಬೇಡಿ.

ಕಾಲೇಜಿನ ಲೆಕ್ಕವನ್ನೂ ಹಾಕಿ. ಟೆಕ್ಸಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಹೈಸ್ಕೂಲಿನ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಯುಟಿ ಆಸ್ಟಿನ್‌ಗೆ (ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್) ಮಾತ್ರ ಆ ಗೆರೆ ಇನ್ನೂ ಮೇಲೆ: ಶೇ. 6 ಇದ್ದದ್ದು 2026ರ ಪ್ರವೇಶದಿಂದ ಶೇ. 5. ಇದು ಆಯಾ ಶಾಲೆಯೊಳಗಿನ ರ‍್ಯಾಂಕ್. ಎಲ್ಲರೂ ಬುದ್ಧಿವಂತರೇ ಇರುವ ಶಾಲೆಯಲ್ಲಿ ನಿಮ್ಮ ಜಾಣ ಮಗು ಶೇ. 15ರಲ್ಲಿ ನಿಂತರೆ ಆ ಬಾಗಿಲು ಮುಚ್ಚಿತು. ಆಮೇಲೆ ಉಳಿದವರ ಜೊತೆ ಸಾಲಿನಲ್ಲಿ ನಿಲ್ಲಬೇಕು. ನೇರ ಪ್ರವೇಶ ಸಿಕ್ಕಿದರೂ ಕಂಪ್ಯೂಟರ್ ಸೈನ್ಸೇ ಸಿಗುತ್ತದೆ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲೂ ಪ್ರತಿ ಶಾಲೆಯ ಮೊದಲ ಶೇ. 9ರವರಿಗೆ ಜಾಗ ಇರುವ ಯಾವುದಾದರೂ ಒಂದು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ಸಿನಲ್ಲಿ ಸೀಟು ಉಂಟು. ಅದು ಬರ್ಕ್ಲಿ ಆಗಿರುತ್ತದೆ ಅಂತ ಕನಸು ಕಾಣಬೇಡಿ.

ಸೇರಿಸಲು ಏನೇನು ಕಾಗದ ಬೇಕು?

ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ಲೀಸ್, ಆ ಮನೆಯ ವಿಳಾಸಕ್ಕೆ ನಿಮ್ಮ ಹೆಸರಿನಲ್ಲಿ ಬಂದ ಕರೆಂಟ್ ಬಿಲ್ಲಿನಂಥದ್ದು, ಹಳೆಯ ಮಾರ್ಕ್ಸ್ ಕಾರ್ಡ್, ಲಸಿಕೆ ಪುಸ್ತಕ. ಕೊನೆಯದರಲ್ಲೇ ಜನ ಸಿಕ್ಕಿಕೊಳ್ಳುವುದು. ಊರಿನ ಡಾಕ್ಟರ ಕೈಬರಹ ಇಲ್ಲಿ ಯಾರಿಗೂ ಓದಲು ಬರುವುದಿಲ್ಲ. ಹೊರಡುವ ಮುಂಚೆ ಲಸಿಕೆಯ ಹೆಸರು, ತಾರೀಕು ಟೈಪ್ ಮಾಡಿಸಿ ಸಹಿ, ಸೀಲು ಹಾಕಿಸಿ. ಕೆಲವು ಕಡೆ ಕ್ಷಯದ ಪರೀಕ್ಷೆಯನ್ನೂ ಕೇಳುತ್ತಾರೆ. ಬಿಸಿಜಿ ಹಾಕಿಸಿಕೊಂಡ ನಮ್ಮ ಮಕ್ಕಳಿಗೆ ಚರ್ಮದ ಪರೀಕ್ಷೆಯಲ್ಲಿ ಸುಮ್ನೆ ಪಾಸಿಟಿವ್ ಬರಬಹುದು. ರಕ್ತ ಪರೀಕ್ಷೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಮನೆಭಾಷೆ ಕನ್ನಡ ಅಂತ ಬರೆದರೆ ತೊಂದರೆಯಾ?

ಸೇರಿಸುವಾಗ ಒಂದು ಹಾಳೆ ಕೊಡುತ್ತಾರೆ: ಮಗು ಮೊದಲು ಮಾತಾಡಿದ್ದು ಯಾವ ಭಾಷೆ, ಮನೆಯಲ್ಲಿ ದೊಡ್ಡವರು ಆಡುವುದು ಯಾವ ಭಾಷೆ ಅಂತ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಈ ರಗಳೆ ಬೇಡ ಅಂತ ಎಷ್ಟೋ ಜನ ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ನಿಜ ಬರೆಯುವುದೇ ವಾಸಿ. ಇಂಗ್ಲಿಷ್ ಚೆನ್ನಾಗಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಹೆಚ್ಚಿನ ಪಾಠ ಸಿಗುತ್ತದೆ, ಪಾಸಾಗುವವರೆಗೆ ವರ್ಷಕ್ಕೊಮ್ಮೆ ಪರೀಕ್ಷೆ ಇರುತ್ತದೆ. ಆ ಪಾಠಕ್ಕಾಗಿ ಯಾವ ಹೊತ್ತಿನಲ್ಲಿ, ಯಾವ ವಿಷಯದ ಕ್ಲಾಸಿನಿಂದ ಎಬ್ಬಿಸುತ್ತಾರೆ ಅಂತ ಮಾತ್ರ ಕೇಳಿಟ್ಟುಕೊಳ್ಳಿ.

ಯುಕೆಜಿ ಮುಗಿಸಿದ್ದಾಳೆ. ಒಂದನೇ ಕ್ಲಾಸಿಗೆ ತಗೋತಾರಾ?

ವಯಸ್ಸು ನೋಡುತ್ತಾರೆ, ಮುಗಿಸಿದ ಕ್ಲಾಸಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಐದು ತುಂಬಿದ್ದರೆ ಕಿಂಡರ್‌ಗಾರ್ಟನ್. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1. ಕ್ಯಾಲಿಫೋರ್ನಿಯಾದಲ್ಲಿ 2025-26ರಿಂದ ನಾಲ್ಕು ತುಂಬಿದ ಮಕ್ಕಳಿಗೂ ಟಿಕೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಕಿಂಡರ್‌ಗಾರ್ಟನ್‌ಗೆ ಮುಂಚಿನ ವರ್ಷ) ಅನ್ನುವ ತರಗತಿ ಪುಕ್ಕಟೆ. ಪ್ರಿಸ್ಕೂಲ್ ಫೀಸ್ ಗೊತ್ತಿರುವವರಿಗೆ ಇದರ ಬೆಲೆ ಅರ್ಥವಾಗುತ್ತದೆ.

ಮಗುವಿಗೆ ಮಾತು ತಡ, ಅಥವಾ ಆಟಿಸಂ ಇದೆ. ಎಲ್ಲಿ ಹೋಗೋದು?

ಇಂಥ ಮಕ್ಕಳಿಗೆ ತಕ್ಕ ಶಿಕ್ಷಣವನ್ನು ಪುಕ್ಕಟೆ ಕೊಡಬೇಕು ಅಂತ 1975ರಿಂದಲೇ ಕೇಂದ್ರದ ಕಾನೂನಿದೆ. ಎಲ್ಲ ಡಿಸ್ಟ್ರಿಕ್ಟಿಗೂ ಅದು ಅನ್ವಯ. ಐಇಪಿ ಅನ್ನುವ ಬರಹದ ಯೋಜನೆ ಮಾಡಿಕೊಡುತ್ತಾರೆ, ಅದರಲ್ಲಿ ಸ್ಪೀಚ್ ಥೆರಪಿ ವಾರಕ್ಕೆ ಎಷ್ಟು ನಿಮಿಷ ಅಂತ ಕೂಡ ನಮೂದಾಗಿರುತ್ತದೆ. ಇಲ್ಲಿ 10 ರೇಟಿಂಗ್ ಕೆಲಸಕ್ಕೆ ಬರುವುದಿಲ್ಲ. ಅದೇ ಡಿಸ್ಟ್ರಿಕ್ಟಿನಲ್ಲಿ ಅಂಥ ಮಕ್ಕಳನ್ನು ಓದಿಸುತ್ತಿರುವ ಒಬ್ಬ ತಾಯಿಯ ಮಾತು ಸಾವಿರ ಅಂಕಿಗಿಂತ ಮೇಲು. ಸೇರಿಸಿದ ಮೇಲೆ ಮಗುವಿಗೆ ಏನು ನೆರವು ಬೇಕು ಅಂತ ಪರೀಕ್ಷೆ ಮಾಡಿ ಅಂತ ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಬರೆದು ಕೊಟ್ಟ ಕೋರಿಕೆಗೆ ಗಡುವಿನೊಳಗೆ ಉತ್ತರ ಕೊಡಬೇಕಾಗುತ್ತದೆ.

ಬಸ್, ಊಟ?

ಕ್ಯಾಲಿಫೋರ್ನಿಯಾದ ಬಹಳಷ್ಟು ಊರುಗಳಲ್ಲಿ ಸ್ಕೂಲ್ ಬಸ್ ಇಲ್ಲ, ನೀವೇ ಬಿಡಬೇಕು. ನ್ಯೂಜೆರ್ಸಿಯಲ್ಲಿ 8ನೇ ತರಗತಿವರೆಗಿನವರು ಶಾಲೆಯಿಂದ 2 ಮೈಲಿಗಿಂತ ದೂರ, ಹೈಸ್ಕೂಲಿನವರು 2.5 ಮೈಲಿಗಿಂತ ದೂರ ಇದ್ದರೆ ಡಿಸ್ಟ್ರಿಕ್ಟ್ ಬಸ್ಸಿನ ವ್ಯವಸ್ಥೆ ಮಾಡಬೇಕು. ಊಟ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಎಲ್ಲ ಮಕ್ಕಳಿಗೂ ಪುಕ್ಕಟೆ. ಮನೆಯಿಂದ ಕಳಿಸುವುದಾದರೆ ಕಡಲೇಬೀಜದ ನಿಯಮ ಕೇಳಿ. ಅಲರ್ಜಿ ಇರುವ ಮಕ್ಕಳಿಗಾಗಿ ಪ್ರತ್ಯೇಕ ಮೇಜು ಇಡುವ ಶಾಲೆಗಳು ಬಹಳ. ಒಗ್ಗರಣೆಗೆ ಕಡಲೇಬೀಜ ಬಿದ್ದ ಚಿತ್ರಾನ್ನ ತಂದ ಮಗು ಗೆಳೆಯನ ಪಕ್ಕ ಕೂರಲು ಆಗದೆ ಅಳುತ್ತಾ ಬರುವುದು ಬೇಡ. ಕಡಲೇಬೇಳೆ ಹಾಕಿ.

ಜನವರಿಯಲ್ಲಿ ಬರುತ್ತಿದ್ದೇವೆ. ವರ್ಷದ ಮಧ್ಯೆ ಸೇರಿಸಿಕೊಳ್ತಾರಾ?

ಯಾವ ತಿಂಗಳಾದರೂ ಸೇರಿಸಿಕೊಳ್ಳಬೇಕು. ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನ ಶಾಲೆ ಶುರುವಾಗುವುದು ಆಗಸ್ಟಿನಲ್ಲಿ, ನ್ಯೂಜೆರ್ಸಿಯಲ್ಲಿ ಸೆಪ್ಟೆಂಬರಿನಲ್ಲಿ. ಮಧ್ಯೆ ಬಂದರೆ ಗಡಿಯೊಳಗಿನ ಶಾಲೆ ತುಂಬಿರುವ ಸಾಧ್ಯತೆ ಜಾಸ್ತಿ. ಹೋಟೆಲಿನಲ್ಲೋ ಕಂಪನಿ ಕೊಟ್ಟ ಗೆಸ್ಟ್ ಹೌಸಿನಲ್ಲೋ ಇದ್ದಾಗ ಸೇರಿಸಿ, ಆಮೇಲೆ ಬೇರೆ ಗಡಿಗೆ ಮನೆ ಬದಲಿಸಿದರೆ ಮಗು ಎರಡು ತಿಂಗಳಲ್ಲಿ ಎರಡು ಶಾಲೆ ನೋಡುತ್ತದೆ. ಆದಷ್ಟು ತಾತ್ಕಾಲಿಕ ಮನೆಯನ್ನೂ ಅದೇ ಗಡಿಯೊಳಗೆ ಹುಡುಕಿ. ಸಿಗದಿದ್ದರೆ ಸಹಿ ಮಾಡಿದ ಲೀಸ್ ತೋರಿಸಿ, ಮನೆಗೆ ಹೋಗುವ ಮುಂಚೆಯೇ ಸೇರಿಸಬಹುದಾ ಅಂತ ಡಿಸ್ಟ್ರಿಕ್ಟನ್ನು ಕೇಳಿ. ಕೆಲವರು ಒಪ್ಪುತ್ತಾರೆ.